ಎಮ್ಮೆಯ ಲೆಕ್ಕವೇ ಬೇರೆ

ಮಾನ್ಯ ಸಂಪಾದಕರೇ,

ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ದೇಶಿ ತಳಿಯೆಂಬ ರಾಷ್ಟ್ರೀಯ ಮಾನ್ಯತೆ ದೊರೆತಾಗ ನಮ್ಮ ಭಾಗದವರೆಲ್ಲ ಹಿಗ್ಗಿದೆವು. ಧಾರವಾಡ ಪೇಢೆಯ ರುಚಿಯ ಹಿಂದಿರುವ ಪ್ರಾಣಿಗೆ ಕೊನೆಗೂ ಕಾಗದದ ಮೇಲೊಂದು ಹೆಸರು ಬಂತು. ಆದರೆ ಎರಡು-ಮೂರು ಎಮ್ಮೆ ಕಟ್ಟಿಕೊಂಡು ಬದುಕುವ ಗೌಳಿಗರ ಮತ್ತು ಸಣ್ಣ ರೈತರ ಮನೆಯ ಲೆಕ್ಕ ಅದರಿಂದ ಬದಲಾಗಿಲ್ಲ.

ಹೈನುಗಾರಿಕೆಯ ಸಾಲ, ತರಬೇತಿ, ಸಲಹೆಗಳೆಲ್ಲ ಬಹುಪಾಲು ಮಿಶ್ರತಳಿ ಆಕಳನ್ನು ಕಣ್ಣ ಮುಂದಿಟ್ಟುಕೊಂಡು ರೂಪುಗೊಂಡಂತಿವೆ. ಆಕಳು ಒಂಬತ್ತು ತಿಂಗಳಿಗೆ ಕರು ಹಾಕಿದರೆ ಎಮ್ಮೆಗೆ ಹತ್ತು ತಿಂಗಳ ಮೇಲೂ ಕೆಲವು ದಿನ ಬೇಕು. ಬೇಸಿಗೆಯಲ್ಲಂತೂ ಅದು ಬೆದೆಗೆ ಬಂದರೂ ಕೂಗಿ ತಿಳಿಸುವುದಿಲ್ಲ. ನಸುಕಿನಲ್ಲಿ ಸಗಣಿ ಬಾಚುವ ಹೆಣ್ಣುಮಕ್ಕಳಿಗೆ ಬಾಲದಡಿಯ ಲೋಳೆ ಕಂಡರೆ ಕಂಡಿತು, ಇಲ್ಲವಾದರೆ ಮತ್ತೆ ಮೂರು ವಾರ ಕಾಯಬೇಕು. ಹೀಗಾಗಿ ಒಂದು ಸೂಲಿನಿಂದ ಇನ್ನೊಂದು ಸೂಲಿಗೆ ಒಂದೂವರೆ ವರ್ಷ ಹಿಡಿಯುವುದು ಅಪರೂಪವೇನಲ್ಲ. ಹಾಲು ಬತ್ತಿದ ಆ ತಿಂಗಳುಗಳಲ್ಲೂ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ಕಳೆದ ವರ್ಷ ನಮ್ಮ ಎಮ್ಮೆಯ ಕರು ಹುಟ್ಟಿದ ಹನ್ನೊಂದನೆಯ ದಿನ ಸತ್ತಿತು. ಕರು ಕಾಣದ ಎಮ್ಮೆ ಹಾಲು ಇಳಿಸಲೊಲ್ಲದು. ನನ್ನ ತಾಯಿ ಹಿಂಡಿಯ ಬುಟ್ಟಿ ಮುಂದಿಟ್ಟು, ಕೆಚ್ಚಲು ನೀವುತ್ತ ಅರ್ಧ ತಾಸು ಕುಳಿತರೂ ತಂಬಿಗೆಯ ತಳ ಮುಚ್ಚುವಷ್ಟು ಹಾಲು ಬರಲಿಲ್ಲ. ಸಾಲದ ಎರಡು ಕಂತು ಮುಂದೂಡಿರೆಂದು ಕೇಳಲು ಬ್ಯಾಂಕಿಗೆ ಹೋದರೆ, ಅಂಥ ಅವಕಾಶ ಸಾಲದ ಕರಾರಿನಲ್ಲಿ ಇಲ್ಲವೆಂದರು. ಆ ಕರಾರಿನಲ್ಲಿ 'ಹಸು' ಎಂದೇ ಅಚ್ಚಾಗಿತ್ತು.

ಎಮ್ಮೆ ಹಾಲಿನಲ್ಲಿ ಕೊಬ್ಬಿನಂಶ ಹೆಚ್ಚಿರುವುದರಿಂದ ದರವೂ ಹೆಚ್ಚು, ನಿಜ. ಆದರೆ ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಸೋಯಾ, ಗೋವಿನಜೋಳ ಬಂದ ಮೇಲೆ ಜೋಳದ ಒಣ ದಂಟಿನ ಮೇವಾದ ಕಣಿಕೆಯನ್ನೂ ದುಡ್ಡು ಕೊಟ್ಟು ತರಬೇಕಾಗಿದೆ. ಟ್ರ್ಯಾಕ್ಟರ್ ಕಾಲದಲ್ಲಿ ಗಂಡು ಕರುವನ್ನು ಕೇಳುವವರಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ವ್ಯಾಪ್ತಿಗೆ 13 ವರ್ಷದೊಳಗಿನ ಎಮ್ಮೆ, ಕೋಣಗಳೂ ಬರುವುದರಿಂದ ಸಂತೆಯಲ್ಲಿ ಕೊಳ್ಳುವವರು ಹಿಂದೆಮುಂದೆ ನೋಡುತ್ತಾರೆ. ಕಾಯ್ದೆಯ ಸರಿ-ತಪ್ಪಿನ ಚರ್ಚೆ ನನ್ನ ಉದ್ದೇಶವಲ್ಲ. ಹಾಲು ಕೊಡದ ಪ್ರಾಣಿಯ ಮೇವಿನ ಖರ್ಚು ಯಾರ ತಲೆಗೆ ಎಂಬುದಷ್ಟೇ ಪ್ರಶ್ನೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 35 ಲಕ್ಷವಿದ್ದ ರಾಜ್ಯದ ಎಮ್ಮೆಗಳ ಸಂಖ್ಯೆ 2019ರಲ್ಲಿ 30 ಲಕ್ಷದ ಆಸುಪಾಸಿಗೆ ಇಳಿದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ಎಮ್ಮೆ ಸಾಲದ ಕಂತನ್ನು ಕ್ಯಾಲೆಂಡರಿನ ತಿಂಗಳಿಗೆ ಕಟ್ಟಿಹಾಕದೆ ಸೂಲಿಗೆ ಹೊಂದಿಸಬೇಕು. ಬತ್ತಿದ ಅವಧಿಯಲ್ಲಿ ಬಡ್ಡಿಯನ್ನಷ್ಟೇ ಕಟ್ಟಿಸಿಕೊಂಡರೆ ಬ್ಯಾಂಕಿಗೂ ನಷ್ಟವಾಗದು. ಜೊತೆಗೆ, ಹಾಲಿನ ಸಂಘಗಳ ಸದಸ್ಯತ್ವವನ್ನು ಕೊಟ್ಟಿಗೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಹೆಸರಿಗೆ ನೀಡಲು ಪಶುಸಂಗೋಪನೆ ಇಲಾಖೆ ಮುತುವರ್ಜಿ ವಹಿಸಬೇಕು. ನಲವತ್ತು ವರ್ಷ ಎಮ್ಮೆ ಹಿಂಡಿದ ನನ್ನ ತಾಯಿಯ ಹಾಲಿನ ಹಣ ಇಂದಿಗೂ ತಂದೆಯ ಖಾತೆಗೆ ಜಮೆಯಾಗುತ್ತದೆ.

– ಎಮ್ಮೆ ಸಾಕಣೆದಾರ, ಕಲಘಟಗಿ ತಾಲ್ಲೂಕು