ಪ್ರತಿ ಮೈಕ್ರಾನಿಗೂ ಒಂದು ಕಾರಣವಿರಲಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಗೇರ್‌ಬಾಕ್ಸ್ ಶಾಫ್ಟ್ ಮತ್ತು ಹೌಸಿಂಗಿನ ಡ್ರಾಯಿಂಗ್‌ಗಳನ್ನು ನೋಡಿದೆ. ವ್ಯೂಗಳು ಚೊಕ್ಕವಾಗಿವೆ, ಸೆಕ್ಷನ್ ಕೂಡ ತೆಗೆಯಬೇಕಾದ ಕಡೆಯೇ ತೆಗೆದಿದ್ದೀಯ. ಆದರೆ ಶಾಫ್ಟಿನ ಹೆಚ್ಚುಕಮ್ಮಿ ಎಲ್ಲ ಅಳತೆಗಳ ಪಕ್ಕದಲ್ಲೂ ±0.01 ಮಿ.ಮೀ. (ಅಂದರೆ ಹತ್ತು ಮೈಕ್ರಾನ್; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎಂದು ಬರೆದಿದ್ದೀಯಲ್ಲ, ಅದರ ಬಗ್ಗೆಯೇ ಈ ಪತ್ರ. ಎಲ್ಲವನ್ನೂ ಬಿಗಿ ಮಾಡಿದರೆ ಕೆಲಸ ಕೆಡುವುದಿಲ್ಲ ಅನ್ನಿಸುವುದು ಸಹಜ. ಆಗುವುದೇ ಬೇರೆ. ಡ್ರಾಯಿಂಗ್ ಹಿಡಿದ ಮಷಿನಿಸ್ಟಿಗೆ ಯಾವುದು ನಿಜಕ್ಕೂ ಮುಖ್ಯ ಎಂದು ತಿಳಿಯುವುದಿಲ್ಲ. ಅಷ್ಟೂ ಅಳತೆಗಳನ್ನು ಹತ್ತು ಮೈಕ್ರಾನಿನಲ್ಲಿ ಹಿಡಿಯಲು ಆಗದೆ, ಎಲ್ಲಿ ಸಡಿಲ ಬಿಡಬಹುದು ಎಂದು ಅವನೇ ಅಂದಾಜು ಮಾಡುತ್ತಾನೆ. ಅವನು ಬಿಟ್ಟದ್ದು ಬೇರಿಂಗ್ ಕೂರುವ ಜಾಗವೇ ಆಗಿದ್ದರೆ?

ಆದ್ದರಿಂದ ಪ್ರತಿ ಅಳತೆಯ ಮುಂದೆ ಎರಡು ಪ್ರಶ್ನೆ ಕೇಳಿಕೋ: ಇದು ದೊಡ್ಡದಾದರೆ ಏನು ಕೆಡುತ್ತದೆ? ಚಿಕ್ಕದಾದರೆ ಏನು ಕೆಡುತ್ತದೆ? ಎರಡಕ್ಕೂ ಉತ್ತರ ಸಿಗದಿದ್ದರೆ ಅಲ್ಲಿ ಬರೀ ಅಳತೆ ಬರೆದು ಬಿಡು, ಟೈಟಲ್ ಬ್ಲಾಕಿನ (ಡ್ರಾಯಿಂಗಿನ ಮೂಲೆಯ ವಿವರಗಳ ಚೌಕದ) ಸಾಮಾನ್ಯ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬ ಮಿತಿ, ನೋಡಿಕೊಳ್ಳುತ್ತದೆ. ಇದಕ್ಕಿರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 2768ರ ಮಧ್ಯಮ ದರ್ಜೆ ಎಂದರೆ 6ರಿಂದ 30 ಮಿ.ಮೀ. ವರೆಗೆ ±0.2, 120ರ ವರೆಗೆ ±0.3, 400ರ ವರೆಗೆ ±0.5. ನಿನ್ನ ಶಾಫ್ಟಿನ ಒಟ್ಟು ಉದ್ದಕ್ಕೆ, ಚೇಂಫರಿಗೆ (ಓರೆಯಾಗಿ ಕತ್ತರಿಸಿದ ಅಂಚಿಗೆ), ಯಾವುದಕ್ಕೂ ತಾಗದ ಮೆಟ್ಟಿಲುಗಳಿಗೆ ಇದು ಧಾರಾಳ ಸಾಕು. ಆ ಮಾನಕದಲ್ಲಿ ಆಕಾರ–ಸ್ಥಾನಗಳಿಗಿದ್ದ ಎರಡನೇ ಭಾಗವನ್ನು 2021ರಲ್ಲಿ ಹಿಂತೆಗೆದು ಐಎಸ್‌ಒ 22081 ತಂದಿದ್ದಾರೆ. ಹಳೆಯ ಟೆಂಪ್ಲೇಟಿನ ಸಾಲನ್ನು ಹಾಗೆಯೇ ನಕಲು ಮಾಡಬೇಡ.

ಈಗ ಬೇರಿಂಗ್ ಸೀಟಿಗೆ ಬಾ. ನೀನು ಹಾಕಿರುವುದು 6205 ನಂಬರಿನ ಬಾಲ್ ಬೇರಿಂಗ್, ಒಳವ್ಯಾಸ 25, ಹೊರವ್ಯಾಸ 52. ಇಲ್ಲಿ ಬಿಗಿ ಬೇಕೇ ಬೇಕು, ಆದರೆ ±0.01 ಇಲ್ಲೂ ತಪ್ಪು! ಬೇರಿಂಗಿನ ಒಳವ್ಯಾಸ 24.990ರಿಂದ 25.000ರ ನಡುವೆ ಇರುತ್ತದೆ. ನಿನ್ನ ಶಾಫ್ಟ್ 24.990ಕ್ಕೆ ಬಂದರೂ ಡ್ರಾಯಿಂಗ್ ಪ್ರಕಾರ ಪಾಸು. ಆಗ ಹತ್ತು ಮೈಕ್ರಾನ್ ಸಡಿಲ ಉಳಿಯಬಹುದು. ತಿರುಗುವ ಶಾಫ್ಟಿನ ಮೇಲೆ ಒಳರಿಂಗ್ ನಿಧಾನವಾಗಿ ಜಾರುತ್ತದೆ, ಸೀಟು ಸವೆದು ಕಂದು ಬಣ್ಣದ ಪುಡಿ ಕಾಣಿಸಿಕೊಳ್ಳುತ್ತದೆ. ಟಾಲರೆನ್ಸ್ ವಲಯ ಎಷ್ಟು ಅಗಲ ಎನ್ನುವಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಎನ್ನುವುದು. ಸಣ್ಣಕ್ಷರದ ಕೆ6 ಕೊಡು (ವಲಯ ಎಲ್ಲಿದೆ ಎಂದು ಅಕ್ಷರ, ಎಷ್ಟು ಅಗಲ ಎಂದು ಅಂಕಿ ಹೇಳುವ ಕೋಡ್; ಸಣ್ಣಕ್ಷರ ಶಾಫ್ಟಿಗೆ, ದೊಡ್ಡಕ್ಷರ ಹೋಲಿಗೆ): 25ಕ್ಕೆ ಅದು +0.015 ಮತ್ತು +0.002. ಆಗ ಕನಿಷ್ಠ 2, ಗರಿಷ್ಠ 25 ಮೈಕ್ರಾನ್ ಬಿಗಿ ಸಿಗುತ್ತದೆ, ರಿಂಗ್ ಕದಲುವುದಿಲ್ಲ. ಕೋಡ್ ಬರೆದು ಸುಮ್ಮನಾಗದೆ ಪಕ್ಕದಲ್ಲೇ ಎರಡೂ ಮಿತಿಗಳನ್ನು ಬರೆ. ಟೇಬಲ್ ಹುಡುಕುವಾಗ ಒಂದು ಸಾಲು ಮೇಲೆ ಕೆಳಗೆ ಆಗಿ ಜಾಬ್ ಸ್ಕ್ರ್ಯಾಪ್ ಆಗುವುದು ತಪ್ಪುತ್ತದೆ. ಹೌಸಿಂಗಿಗೆ ದೊಡ್ಡಕ್ಷರದ ಎಚ್7, ಅಂದರೆ 52.000ರಿಂದ 52.030. ಲೋಡ್ ಒಂದೇ ದಿಕ್ಕಿನಲ್ಲಿ ನಿಂತಿರುವುದರಿಂದ ಹೊರರಿಂಗಿಗೆ ಅಷ್ಟು ಬಿಗಿ ಬೇಡ. ಶಾಫ್ಟ್ ಬಿಸಿಯಾಗಿ ಉದ್ದವಾದಾಗ ಒಂದು ತುದಿಯ ಬೇರಿಂಗ್ ಸರಿಯಲು ಜಾಗವೂ ಬೇಕು.

ಅದೇ ಸೀಟಿನ ಮೂಲೆಗೆ ನೀನು ರೇಡಿಯಸ್ಸೇ ಬರೆದಿಲ್ಲ. ಬರೆಯದಿದ್ದರೆ ಟೂಲಿನ ಮೂಗು ಎಷ್ಟಿದೆಯೋ ಅಷ್ಟು ಬರುತ್ತದೆ. 6205ಕ್ಕೆ ಶಾಫ್ಟಿನ ಫಿಲೆಟ್ (ಒಳಮೂಲೆಯ ದುಂಡು) 1 ಮಿ.ಮೀ. ಮೀರುವಂತಿಲ್ಲ. ಮೀರಿದರೆ ಬೇರಿಂಗ್ ಶೋಲ್ಡರಿಗೆ (ಶಾಫ್ಟಿನ ಮೆಟ್ಟಿಲಿನ ಮುಖಕ್ಕೆ) ಒರಗದೆ ಫಿಲೆಟ್ ಮೇಲೆ ಓರೆಯಾಗಿ ಕೂರುತ್ತದೆ. '0.8 ಗರಿಷ್ಠ' ಎಂದು ಬರೆ, ಗ್ರೈಂಡಿಂಗ್ ಇದ್ದರೆ ಮೂಲೆಯಲ್ಲಿ ಅಂಡರ್‌ಕಟ್ (ಸಣ್ಣ ತೋಡು) ಕೊಡು.

ಇನ್ನೊಂದು ಮಾತು. ಎರಡು ಸೀಟುಗಳ ವ್ಯಾಸವೂ ಕೆ6ರೊಳಗಿದ್ದು, ಅವುಗಳ ಅಕ್ಷ ಬೇರೆಬೇರೆ ಆಗಿರಬಹುದು. ಒಂದು ತುದಿ ಮಾಡಿ, ಚಕ್ಕಿನಿಂದ ಬಿಚ್ಚಿ, ತಿರುಗಿಸಿ ಹಿಡಿದರೆ ಹೀಗೆಯೇ ಆಗುತ್ತದೆ. ವ್ಯಾಸದ ಟಾಲರೆನ್ಸ್ ಇದನ್ನು ತಡೆಯುವುದಿಲ್ಲ. ಎರಡೂ ಸೀಟುಗಳನ್ನು ಸೇರಿಸಿ ಒಂದೇ ಡೇಟಮ್ (ಉಳಿದದ್ದನ್ನೆಲ್ಲ ಅಳೆಯುವ ಆಧಾರ) ಅಕ್ಷ ಮಾಡು, ಗೇರ್ ಕೂರುವ ವ್ಯಾಸಕ್ಕೆ ಅದರಿಂದ ರನೌಟ್ (ಆ ಅಕ್ಷದ ಸುತ್ತ ತಿರುಗಿಸಿದಾಗ ಕಾಣುವ ಓಲಾಟದ ಮಿತಿ) 0.02 ಕೊಡು. ಆಗ ಎರಡೂ ಸೀಟು ಮತ್ತು ಗೇರ್ ವ್ಯಾಸವನ್ನು ಸೆಂಟರ್‌ಗಳ ನಡುವೆ ಒಂದೇ ಸೆಟ್ಟಿಂಗಿನಲ್ಲಿ ಮುಗಿಸಬೇಕು ಎಂದು ಮಷಿನಿಸ್ಟಿಗೆ ತಾನಾಗಿ ಅರ್ಥವಾಗುತ್ತದೆ. ಜೊತೆಗೆ ಯಾವ ಮಾನಕ ಪಾಲಿಸಿದ್ದೀಯ ಎಂದು ಡ್ರಾಯಿಂಗಿನಲ್ಲಿ ಬರೆ. ಅಮೆರಿಕದ ಮಾನಕ ಎಎಸ್‌ಎಂಇ ವೈ14.5ರಲ್ಲಿ ಅಳತೆಯ ಮಿತಿಯೇ ಆಕಾರವನ್ನೂ ಹಿಡಿದಿಡುತ್ತದೆ, ಐಎಸ್‌ಒ 8015ರಲ್ಲಿ ಎರಡೂ ಸ್ವತಂತ್ರ. ಐಎಸ್‌ಒ ಆದರೆ ಸೀಟಿಗೆ ಸಿಲಿಂಡ್ರಿಸಿಟಿ (ಮೇಲ್ಮೈ ಎಷ್ಟು ನಿಖರ ಸಿಲಿಂಡರ್ ಆಗಿರಬೇಕು ಎನ್ನುವ ಮಿತಿ) 0.005 ಬೇರೆಯಾಗಿ ಹೇಳಬೇಕು.

ಹೌಸಿಂಗಿನ ಕವರಿಗೆ ನಾಲ್ಕು ಎಂ6 ಬೋಲ್ಟ್‌ಗಳಿವೆ. ಹೋಲ್‌ಗಳ ಸ್ಥಾನಕ್ಕೆ ಎರಡೂ ದಿಕ್ಕಿನಲ್ಲಿ ±0.1 ಕೊಟ್ಟಿದ್ದೀಯ. ಅದು ಚೌಕಾಕಾರದ ವಲಯ. ಮೂಲೆಯಲ್ಲಿ ಕೇಂದ್ರ 0.14 ಸರಿದರೂ ಪಾಸು, ಅಡ್ಡಕ್ಕೆ 0.12 ಸರಿದರೆ ರಿಜೆಕ್ಟ್. ಬೋಲ್ಟಿಗೆ ದಿಕ್ಕಿನ ಹಂಗಿಲ್ಲ. ಅದೇ ಮೂಲೆಗಳನ್ನು ಮುಟ್ಟುವ 0.28 ವ್ಯಾಸದ ವೃತ್ತ ಕೊಟ್ಟರೆ ವಿಸ್ತೀರ್ಣ ಶೇ. 57 ಹೆಚ್ಚುತ್ತದೆ, ಜೋಡಣೆಗೆ ಏನೂ ನಷ್ಟವಿಲ್ಲ. ಇನ್ನೂ ಒಳ್ಳೆಯದೆಂದರೆ ಲೆಕ್ಕ ಹಾಕಿ ಕೊಡುವುದು: ಕವರಿನ ಹೋಲ್ ಕನಿಷ್ಠ 6.6, ಬೋಲ್ಟ್ ಗರಿಷ್ಠ 6.0, ಉಳಿದ 0.6ನ್ನು ಕವರಿನ ಹೋಲಿಗೂ ಹೌಸಿಂಗಿನ ಥ್ರೆಡ್ಡಿಗೂ 0.3ರಂತೆ ಹಂಚು. ಕವರಿನ ಹೋಲಿಗೆ ವೃತ್ತದೊಳಗಿನ ಎಂ ಚಿಹ್ನೆ (ಹೋಲ್ ದೊಡ್ಡದಾದಷ್ಟೂ ಸ್ಥಾನಕ್ಕೆ ಸಡಿಲ ಕೊಡುವ ಗುರುತು) ಹಾಕಿದರೆ, ಹೋಲ್ 6.8 ಬಂದಾಗ ಸ್ಥಾನಕ್ಕೂ 0.2 ಹೆಚ್ಚು ಸಿಗುತ್ತದೆ. ಥ್ರೆಡ್ ಓರೆಯಾದರೆ ಬೋಲ್ಟಿನ ಓರೆ ಕವರಿನ ದಪ್ಪದಲ್ಲಿ ಬೆಳೆಯುತ್ತದೆ, ಹಾಗಾಗಿ ಥ್ರೆಡ್ಡಿನ ಟಾಲರೆನ್ಸ್ ವಲಯವನ್ನು ಕವರಿನ ದಪ್ಪದಷ್ಟು ಹೊರಕ್ಕೆ ಚಾಚು. ಬೇರಿಂಗ್ ಬೋರಿಗೆ, ಡೋವೆಲ್ (ಭಾಗಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಪಿನ್) ಹೋಲಿಗೆ ಮಾತ್ರ ಎಂ ಚಿಹ್ನೆ ಹಾಕಬೇಡ. ಅಲ್ಲಿ ಕೇಂದ್ರ ಎಲ್ಲಿದೆ ಎನ್ನುವುದೇ ಮುಖ್ಯ.

ಡೇಟಮ್‌ಗಳನ್ನು ಎರಕದ ಒರಟು ಅಂಚಿನಿಂದ ತೆಗೆದುಕೊಂಡಿದ್ದೀಯ. ಹೌಸಿಂಗ್ ಯಾವ ಮುಖದ ಮೇಲೆ ಬೋಲ್ಟ್ ಆಗಿ ಕೂರುತ್ತದೋ ಅದು ಮೊದಲನೆಯದು, ಬೋರ್ ಎರಡನೆಯದು.

ಶಾಫ್ಟಿನ ಉದ್ದಗಳನ್ನು ಒಂದರ ತುದಿಗೆ ಒಂದು ಸರಪಳಿಯಂತೆ ಕೊಡಬೇಡ. ತಲಾ ±0.1ರ ಐದು ಸೇರಿದರೆ ಕೊನೆಯ ಮುಖ ±0.5 ಓಡಾಡುತ್ತದೆ. ಬೇರಿಂಗ್ ಒರಗುವ ಶೋಲ್ಡರಿನಿಂದಲೇ ಎಲ್ಲವನ್ನೂ ಅಳೆ.

ಡೋವೆಲ್ಲಿನ ಕುರುಡು ಹೋಲಿಗೆ ತಳದವರೆಗೂ ಎಚ್7 ಕೇಳಿದ್ದೀಯ, ಅದು ಆಗದ ಮಾತು. ರೀಮರಿನ (ಡ್ರಿಲ್ ಮಾಡಿದ ಹೋಲನ್ನು ನಿಖರ ಅಳತೆಗೆ ತರುವ ಟೂಲಿನ) ತುದಿ ಇಳಿಜಾರಾಗಿರುತ್ತದೆ, ಚಿಪ್ಸ್‌ಗೂ ಜಾಗ ಬೇಕು. ಎಚ್7 ಆಳ 20 ಬೇಕಿದ್ದರೆ ಡ್ರಿಲ್ 26ರವರೆಗೆ ಹೋಗಲಿ. ಸ್ಥಾನ ತಪ್ಪಿದ ಡ್ರಿಲ್ ಹೋಲನ್ನು ರೀಮರ್ ತಿದ್ದುವುದಿಲ್ಲ, ಅದರ ಹಿಂದೆಯೇ ಹೋಗುತ್ತದೆ ಎನ್ನುವುದೂ ನೆನಪಿರಲಿ.

ಲೇಪನ ಇದ್ದರೆ ಅಳತೆಗಳು ಲೇಪನದ ಮೊದಲೋ ನಂತರವೋ ಎಂದು ಸ್ಪಷ್ಟ ಬರೆ. 8 ಮೈಕ್ರಾನ್ ಸತು ವ್ಯಾಸವನ್ನು 16 ಮೈಕ್ರಾನ್ ಹೆಚ್ಚಿಸುತ್ತದೆ, ಕೆ6ರ ಪೂರ್ತಿ ಅಗಲವೇ 13.

ಕೊನೆಯದಾಗಿ, ಅಳೆಯಲು ಆಗದ್ದನ್ನು ಕೇಳಬೇಡ. 13 ಮೈಕ್ರಾನಿನ ವಲಯವನ್ನು 0.02 ಓದುವ ವರ್ನಿಯರ್ ತೀರ್ಮಾನಿಸಲಾರದು. ಅದಕ್ಕೆ ಒಂದು ಮೈಕ್ರಾನ್ ಓದುವ ಮೈಕ್ರೋಮೀಟರ್ ಬೇಕು, ಬೋರಿಗೆ ಗೋ–ನೋಗೋ ಗೇಜ್ (ಒಂದು ತುದಿ ಒಳಹೋಗಬೇಕು, ಇನ್ನೊಂದು ಹೋಗಬಾರದು) ಅಥವಾ ಬೋರ್ ಗೇಜ್ ಬೇಕು. ಮಾನಕ ತಾಪಮಾನ 20 ಡಿಗ್ರಿ. ನಿನ್ನ ಹೌಸಿಂಗ್ ಅಲ್ಯೂಮಿನಿಯಂ, 30 ಡಿಗ್ರಿಯಲ್ಲಿ ಪ್ರತಿ 100 ಮಿ.ಮೀ.ಗೆ ಸುಮಾರು 23 ಮೈಕ್ರಾನ್ ಬೆಳೆದಿರುತ್ತದೆ, ಉಕ್ಕಾದರೆ ಅದರ ಅರ್ಧ. ಮಷಿನಿನಿಂದ ಆಗಷ್ಟೇ ಇಳಿಸಿದ ಬಿಸಿ ಜಾಬನ್ನು ಅಳೆದು ಪಾಸು ಮಾಡಿದರೆ, ತಣ್ಣಗಾದ ಮೇಲೆ ಬೋರ್‌ಗಳ ಸೆಂಟರ್ ದೂರ ಕಡಿಮೆ ಬರುತ್ತದೆ.

ತಿದ್ದಿದ ಡ್ರಾಯಿಂಗನ್ನು ಶಾಪಿಗೆ ಕೊಡುವ ಮೊದಲು ನನಗೊಂದು ಪ್ರತಿ ಕಳಿಸು ಮಗಳೇ. ಸಾಮಾನ್ಯ ಟಾಲರೆನ್ಸ್‌ಗಿಂತ ಬಿಗಿಯಾದ ಪ್ರತಿ ಅಳತೆಯ ಪಕ್ಕದಲ್ಲಿ, ಅದು ತಪ್ಪಿದರೆ ಏನಾಗುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಒಂದು ಸಾಲು ಬರೆದಿರು. ಸಾಲು ಹೊಳೆಯದ ಕಡೆ ಏನು ಮಾಡಬೇಕೆಂದು ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ