ವಿಜಯಪುರಕ್ಕೂ ಕಡಲಿತ್ತು

ಮಾನ್ಯ ಸಂಪಾದಕರೇ,

ವಿಜಯಪುರದ ಇತಿಹಾಸದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಲೇಖನಗಳನ್ನು ತಪ್ಪದೆ ಓದುತ್ತೇನೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು ಎಲ್ಲವೂ ಬರುತ್ತವೆ. ಕಡಲು ಮಾತ್ರ ಬರುವುದಿಲ್ಲ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡಿದ್ದು ನಮ್ಮ ಆದಿಲ್‌ಶಾಹಿಗಳಿಂದಲೇ ಅಲ್ವಾ? ಅದಾದ ಮೇಲೂ ಕೊಂಕಣದ ದಾಭೋಳ ಬಂದರು ವಿಜಯಪುರದ ಕೈಯಲ್ಲೇ ಇತ್ತು.

ನಾನು ಸರಪಳಿ ಹಿಡಿದು ಹೊಲ ಅಳೆದವನು, ಕೈಯಿಂದ ನಕಾಶೆ ಬರೆದವನು. ನಿವೃತ್ತಿಯಾದ ಮೇಲೆ ಹಳೆಯ ಕಡಲ ನಕಾಶೆಗಳ ಹುಚ್ಚು ಹತ್ತಿದೆ. ಯುರೋಪಿನಲ್ಲಿ 13ನೇ ಶತಮಾನದ ಕೊನೆಯಿಂದಲೇ ಇವನ್ನು ಚರ್ಮದ ಹಾಳೆಯ ಮೇಲೆ ಬರೆಯುತ್ತಿದ್ದರು. ಎಷ್ಟೋ ನಕಾಶೆಗಳಲ್ಲಿ ಪ್ರಾಣಿಯ ಕುತ್ತಿಗೆಯ ಭಾಗವೂ ಹಾಗೇ ಉಳಿದಿದೆ. ಊರುಗಳ ಹೆಸರೆಲ್ಲ ನೆಲದ ಕಡೆಗೇ, ದಡಕ್ಕೆ ಅಡ್ಡಲಾಗಿ. ದೊಡ್ಡ ಬಂದರಿಗೆ ಕೆಂಪು ಶಾಯಿ, ಉಳಿದವಕ್ಕೆ ಕಪ್ಪು. ಓದುತ್ತಾ ಹೋದಂತೆ ಹಾಳೆಯನ್ನೇ ತಿರುಗಿಸಬೇಕು. ಹೀಗೆ ಖಾಲಿ ಉಳಿದ ನೀರಿನ ಮೇಲೆ ದಿಕ್ಕಿನ ಗೆರೆಗಳು ಬಲೆಯಂತೆ ಹರಡಿರುತ್ತವೆ. ಎಂಟು ಮುಖ್ಯ ದಿಕ್ಕಿಗೆ ಕಪ್ಪು, ಅವುಗಳ ನಡುವಿನ ಎಂಟಕ್ಕೆ ಹಸಿರು, ಇನ್ನೂ ನಡುವಿನ ಹದಿನಾರಕ್ಕೆ ಕೆಂಪು. ಹಡಗು ಎಷ್ಟೇ ತೂಗಾಡಲಿ, ಯಾವ ಗೆರೆ ಯಾವುದೆಂದು ಬಣ್ಣ ನೋಡಿದರೆ ಗೊತ್ತಾಗಬೇಕು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಭೂಶಿರ, ಕೊಲ್ಲಿಗಳನ್ನು ಇರುವುದಕ್ಕಿಂತ ಜಾಸ್ತಿ ದೊಡ್ಡದಾಗಿ ಬರೆದಿರುತ್ತಾರೆ. ಹೊಲದ ಅಳತೆಯಲ್ಲಿ ಇದು ನಡೆಯುವುದಿಲ್ಲ. ಆದರೆ ನಾವಿಕ ದಡ ಗುರುತಿಸುವುದೇ ಅವುಗಳಿಂದ. ಬಳಸುವವನ ಕಣ್ಣಿಂದ ನೋಡಿ ಬರೆದ ನಕಾಶೆ ಅದು.

1502ರ ಕ್ಯಾಂಟಿನೋ ನಕಾಶೆಯ ಕಥೆ ಕೇಳಿ. ಪೋರ್ಚುಗೀಸರು ತಮ್ಮ ಕಡಲ ದಾರಿಗಳನ್ನು ಗುಟ್ಟಾಗಿಡುತ್ತಿದ್ದ ಕಾಲ. ಇಟಲಿಯ ಫೆರಾರಾದ ಡ್ಯೂಕ್‌ಗಾಗಿ ಕ್ಯಾಂಟಿನೋ ಎಂಬಾತ ಲಿಸ್ಬನ್‌ನಲ್ಲಿ 12 ಚಿನ್ನದ ಡುಕಾಟ್ ನಾಣ್ಯ ಕೊಟ್ಟು ಇದನ್ನು ಬರೆಸಿ, ಗುಟ್ಟಾಗಿ ಸಾಗಿಸಿದ. ಏಳಡಿಗೂ ಉದ್ದ ಇದೆ. 19ನೇ ಶತಮಾನದಲ್ಲಿ ಮೊಡೆನಾ ಊರಿನ ಮಾಂಸದ ಅಂಗಡಿಯೊಂದರಲ್ಲಿ ಪರದೆಯಾಗಿ ಸಿಕ್ಕಿತು. ಈಗ ಅಲ್ಲಿನ ಎಸ್ಟೆನ್ಸೆ ಗ್ರಂಥಾಲಯದಲ್ಲಿದೆ. ಗೋವೆ ಕೈಬಿಡುವ ಎಂಟು ವರ್ಷ ಮುಂಚೆಯೇ ನಮ್ಮ ಪಶ್ಚಿಮ ಕರಾವಳಿ ಅವರ ಹಾಳೆಯ ಮೇಲೆ ಮೂಡಿತ್ತು!

ಮುಂದೆ ಗೋವೆಯ ವೈಸರಾಯ್ ಆದ ಜುವಾಂವ್ ದ ಕಾಸ್ತ್ರೋ 1538-39ರಲ್ಲಿ ಗೋವೆಯಿಂದ ದೀವ್‌ವರೆಗೆ ಹೋಗುತ್ತಾ ದಾರಿಯ ಬಂದರುಗಳ ವಿವರ ಬರೆದಿಟ್ಟು, ಚಿತ್ರಗಳನ್ನೂ ಸೇರಿಸಿದ. ಅದರಲ್ಲಿ ದಾಭೋಳವೂ ಇದೆ. ಅಂದರೆ ನಮ್ಮದೇ ರಾಜ್ಯದ ಬಂದರು. ನಮ್ಮವರಿಗೂ ಈ ವಿದ್ಯೆ ಹೊಸದಾಗಿರಲಿಲ್ಲ. ಕಚ್ಛದ ಮಾಲಮರು, ಅಂದರೆ ಹಡಗಿಗೆ ದಾರಿ ತೋರಿಸುವವರು, ಬಳಸುತ್ತಿದ್ದ 1664ರ ಪೋಥಿ, ಅಂದರೆ ಕೈಬರಹದ ಪುಸ್ತಕ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ನನ್ನ ಕೋರಿಕೆ ಇಷ್ಟೇ. ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿ ಒಂದು ಗೋಡೆಯನ್ನು ಈ ನಕಾಶೆಗಳಿಗೆ ಕೊಡಲಿ. ಕ್ಯಾಂಟಿನೋ ನಕಾಶೆಯ ಒಳ್ಳೆಯ ಚಿತ್ರ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ. ಸುಮ್ನೆ ಚಿಕ್ಕದಾಗಿ ಹಾಕುವುದು ಬೇಡ, ಇದ್ದಷ್ಟೇ ಅಳತೆಯಲ್ಲಿ ಮುದ್ರಿಸಲಿ. ಪಕ್ಕದಲ್ಲಿ ಗೋವೆ, ದಾಭೋಳದ ಚಿತ್ರಗಳಿರಲಿ. ಶಾಲೆಯ ಮಕ್ಕಳು ಬೆರಳಿಟ್ಟು ತೋರಿಸುವ ಎತ್ತರದಲ್ಲಿರಲಿ. ಊರುಗಳ ಹೆಸರನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಕೈ ಇನ್ನೂ ನಡುಗುತ್ತಿಲ್ಲ.

– ನಿವೃತ್ತ ಸರ್ವೇಯರ್, ವಿಜಯಪುರ