ಹಳದಿ ಸೂಟಿನ ಪಾರುಪತ್ಯಗಾರ

ನಮ್ಮ ಸಂಘದ ಹಿಂದಿನ ವಾರ್ಷಿಕೋತ್ಸವದಲ್ಲಿ ನಾವು ಆಡಿದ ಹಳೆಯ ಕಂಪನಿ ನಾಟಕ ‘ಸದಾರಮೆ’ಯ ಬಗ್ಗೆ ಬಂದ ಪತ್ರಗಳು ಇನ್ನೂ ನನ್ನ ಮೇಜಿನ ಮೇಲಿವೆ. ಹಾಡುಗಳನ್ನು ಅರ್ಧಕ್ಕರ್ಧ ಇಳಿಸಿದ್ದು, ಕಳ್ಳನನ್ನು ಲಂಡನ್ನಿನ ಬಸ್ಸು ಹತ್ತಿಸಿದ್ದು ಹಲವರಿಗೆ ರುಚಿಸಿರಲಿಲ್ಲ. ಗುಬ್ಬಿ ವೀರಣ್ಣನವರು ಮೆರೆಸಿದ ಪಾತ್ರಕ್ಕೆ ಈ ಗತಿಯೇ ಎಂದು ಹಿರಿಯರೊಬ್ಬರು ನೊಂದು ಬರೆದಿದ್ದರು. ಆಗ ನಾನು ಬಾಯಿ ಬಿಡಲಿಲ್ಲ, ಆದರೆ ಒಳಗೊಳಗೇ ಅವರ ಪಕ್ಷದಲ್ಲಿದ್ದೆ. 2025ರ ಫೆಬ್ರವರಿಯಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ಲಿರಿಕ್ ರಂಗಮಂದಿರದಲ್ಲಿ ‘ಪ್ಲೇ ಆನ್!’ ನೋಡಿ ಬಂದವನು ಈಗ ಪಕ್ಷಾಂತರ ಮಾಡಿದ್ದೇನೆ.

ಇದು ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದ ಜಾಝ್ ರೂಪ. ಮೂಲ ನಾಟಕ 1602ರ ಫೆಬ್ರವರಿ 2ರಂದು ಇಲ್ಲಿಯೇ, ಮಿಡ್ಲ್ ಟೆಂಪಲ್ ಸಭಾಂಗಣದಲ್ಲಿ ಆಡಲ್ಪಟ್ಟಿತ್ತು. ಹ್ಯಾಮರ್‌ಸ್ಮಿತ್‌ನಿಂದ ಸುರಂಗ ರೈಲಿನ ಡಿಸ್ಟ್ರಿಕ್ಟ್ ಲೈನ್ ಹಿಡಿದರೆ ಗಾಡಿ ಬದಲಿಸದೆ ತಲುಪಬಹುದು. ಆದರೆ ಈ ನಾಟಕದ ರೈಲು ಬೇರೆ. ‘ಟೇಕ್ ದಿ ಎ ಟ್ರೇನ್’ ಹಾಡಿನ ಬೆನ್ನೇರಿ 1940ರ ದಶಕದ ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದಿಳಿಯುವ ವೈ ಎಂಬ ಹುಡುಗಿಯೇ ಇಲ್ಲಿನ ವಯೋಲಾ, ಅಂದರೆ ಮೂಲ ನಾಟಕದ ನಾಯಕಿ. ಮಿಸಿಸಿಪ್ಪಿ ಸೀಮೆಯವಳು, ಹಾಡು ಕಟ್ಟುವವಳು. ಹೆಣ್ಣು ಬರೆದ ಹಾಡನ್ನು ಯಾರೂ ಕೊಳ್ಳುವುದಿಲ್ಲವೆಂದು ಗಂಡಸಿನ ಪೋಷಾಕು ತೊಟ್ಟು ಡ್ಯೂಕ್ ಎಂಬ ಸಂಗೀತಗಾರನ ಬಳಿ ಹೋಗುತ್ತಾಳೆ. ಮೂಲದ ವಯೋಲಾ ವೇಷ ಹಾಕಿದ್ದು ಹಡಗು ಒಡೆದು ಗುರುತಿಲ್ಲದ ನಾಡು ಸೇರಿದ್ದಕ್ಕೆ. ಈಕೆ ಹಾಕಿದ್ದು ಕೆಲಸ ಸಿಗಲೆಂದು. ನನಗಂತೂ ಎರಡನೆಯ ಕಾರಣವೇ ಹೆಚ್ಚು ನಂಬುವಂತಿದೆ.

ಪರಿಕಲ್ಪನೆ ಷೆಲ್ಡನ್ ಎಪ್ಸ್ ಅವರದು, ನಾಟಕದ ಬರಹ ಶೆರಿಲ್ ವೆಸ್ಟ್ ಅವರದು. 1997ರಲ್ಲಿ ಬ್ರಾಡ್‌ವೇಯಲ್ಲಿ 61 ಪ್ರಯೋಗಕ್ಕೇ ಮುಗಿದುಹೋಗಿತ್ತು. ಲಂಡನ್ನಿನಲ್ಲಿ ಅದನ್ನು ಎತ್ತಿ ನಿಲ್ಲಿಸಿದ್ದು ತಲಾವಾ ಎಂಬ ರಂಗತಂಡ. ಹಾಡುಗಳೆಲ್ಲ ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಹೆಸರಿನ ಖಜಾನೆಯಿಂದ ತೆಗೆದವು, ಅಂದರೆ ಈ ನಾಟಕ ಬರೆಯುವುದಕ್ಕಿಂತ ಎಷ್ಟೋ ಹಿಂದೆಯೇ ಹುಟ್ಟಿದವು. ನಮ್ಮ ಕಂಪನಿ ನಾಟಕದ ಕವಿ ಗೊತ್ತಿರುವ ಮಟ್ಟು ಹಿಡಿದು ಸನ್ನಿವೇಶಕ್ಕೆ ತಕ್ಕ ಮಾತು ಕೂರಿಸುತ್ತಿದ್ದ. ಇಲ್ಲಿ ಮಟ್ಟೂ ಸಿದ್ಧ, ಮಾತೂ ಸಿದ್ಧ, ಹೊಲಿಯಬೇಕಾದದ್ದು ಸನ್ನಿವೇಶವನ್ನು. ಹೊಲಿಗೆ ಅಲ್ಲಲ್ಲಿ ಬಿಟ್ಟಿದೆ. ಒಂದೆರಡು ಕಡೆ ಪಾತ್ರಗಳು ನಿಲ್ದಾಣದಲ್ಲಿ ಬಸ್ಸಿಗೆ ಕಾದಂತೆ ಹಾಡಿಗೆ ಕಾಯುತ್ತವೆ.

ನನ್ನನ್ನು ಪಕ್ಷ ಬದಲಿಸುವಂತೆ ಮಾಡಿದ್ದು ಬೇರೆಯೇ ಸಂಗತಿ. ಮೂಲದಲ್ಲಿ ವಯೋಲಾಗೆ ಒಬ್ಬ ಅವಳಿ ಅಣ್ಣನಿದ್ದಾನೆ, ಸೆಬಾಸ್ಟಿಯನ್. ಗಂಡುವೇಷದ ವಯೋಲಾಳನ್ನು ಮೆಚ್ಚಿದ ಒಲಿವಿಯಾಗೆ ಕೊನೆಯಲ್ಲಿ ಅವನನ್ನು ಗಂಟು ಹಾಕಿ ಷೇಕ್ಸ್‌ಪಿಯರ್ ಕೈತೊಳೆದುಕೊಳ್ಳುತ್ತಾನೆ. ಹಾರ್ಲೆಮ್‌ನ ಕಥೆಯಲ್ಲಿ ಈ ಅಣ್ಣ ಇಲ್ಲವೇ ಇಲ್ಲ. ಅವನನ್ನು ತೆಗೆದ ಮೇಲೆ ಗಾಯಕಿ ಲೇಡಿ ಲಿವ್‌ಗೆ, ಅಂದರೆ ಇಲ್ಲಿನ ಒಲಿವಿಯಾಗೆ, ಯಾರು ದಿಕ್ಕು? ಉಳಿದವನು ಅವಳ ಪಾರುಪತ್ಯಗಾರ ರೆವ್. ಮೂಲದ ಮಲ್ವೋಲಿಯೋ. ಸುಳ್ಳು ಪತ್ರ ನಂಬಿ, ಹಳದಿ ಕಾಲುಚೀಲ ತೊಟ್ಟು ಒಡತಿಯ ಮುಂದೆ ನಕ್ಕು, ಹುಚ್ಚನೆನಿಸಿಕೊಂಡು ಕತ್ತಲ ಕೋಣೆಯಲ್ಲಿ ಬಿದ್ದು, ಕೊನೆಗೆ ಸೇಡು ತೀರಿಸುವೆನೆಂದು ಎದ್ದುಹೋಗುವವನು ಅವನು. ಇಲ್ಲಿ ಅವನಿಗೆ ಸಿಕ್ಕಿರುವುದು ಹಳದಿ ಸೂಟು, ಜೊತೆಗೆ ತಾಳದಲ್ಲಿ ತೂಗುವ ಪಾಠ. ಭುಜ ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ. ಸಭೆ ಹೊಟ್ಟೆ ಹಿಡಿದು ನಗುತ್ತದೆ. ಆದರೆ ಅಣ್ಣನಿಲ್ಲದ ಕಥೆ ಅವನನ್ನು ಬೀದಿಪಾಲು ಮಾಡುವಂತಿಲ್ಲ, ಲಿವ್ ಅವನಿಗೇ ಒಲಿಯಬೇಕು, ಒಲಿಯುತ್ತಾಳೆ. ನಾನೂರು ವರ್ಷ ನಗೆಪಾಟಲಾದವನ ಮೇಲೆ ಮೊದಲ ಬಾರಿಗೆ ನನಗೆ ಕರುಣೆ ಹುಟ್ಟಿತು. ಒಂದು ದಾರ ಕಿತ್ತವರು ಇನ್ನೊಂದು ಕಡೆ ಗಂಟು ಹಾಕಿದ್ದಾರೆ. ನಾವು ‘ಸದಾರಮೆ’ಯ ದಾರಗಳನ್ನು ಕಿತ್ತೆವು, ಗಂಟು ಹಾಕುವುದನ್ನು ಮರೆತೆವು. ಪತ್ರ ಬರೆದವರ ಸಿಟ್ಟು ನ್ಯಾಯವಾದದ್ದೇ, ಅದಕ್ಕೆ ಅವರು ಕೊಟ್ಟ ಕಾರಣ ಮಾತ್ರ ಬೇರೆ.

ಅಂದ ಹಾಗೆ, ಎಲಿಂಗ್ಟನ್ ನಮಗೆ ಅಷ್ಟೇನೂ ದೂರದವರಲ್ಲ. 1963ರಲ್ಲಿ ಅಮೆರಿಕ ಸರ್ಕಾರ ಕಳಿಸಿದ ಪ್ರವಾಸದಲ್ಲಿ ಅವರ ವಾದ್ಯತಂಡ ಬೆಂಗಳೂರಿಗೂ ಬಂದಿತ್ತು. ಆ ಕಚೇರಿಯನ್ನು ಕೇಳಿದವರು, ಅಥವಾ ಕೇಳಿದವರ ಮಕ್ಕಳು, ನಮ್ಮ ಸದಸ್ಯರಲ್ಲಿದ್ದರೆ ದಯವಿಟ್ಟು ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಕಾದಿರಿಸಿದ್ದೇನೆ.

ಗಂಡುವೇಷದ ಮಾತು ಬಂದಾಗ ಹೇಳಿಬಿಡುತ್ತೇನೆ. ಕಳೆದ ಬಾರಿ ನಮ್ಮ ಸದಾರಮೆ ಗಂಡಸಿನ ವೇಷದಲ್ಲಿ ರಂಗಕ್ಕೆ ಬರುವ ಮೊದಲು ಚಹಾದ ಹಂಡೆಯ ಪಕ್ಕ ನಿಂತಿದ್ದಳು. ಹಬೆಗೆ ಅಂಟು ಕರಗಿ ಮೀಸೆಯ ಒಂದು ತುದಿ ಲೋಟದೊಳಗೆ ಇಳಿಯಿತು. ಆಕೆ ಅದನ್ನು ಎತ್ತಿ, ಹಿಂಡಿ, ಮತ್ತೆ ಒತ್ತಿಕೊಂಡು ಹೋಗಿ ಇಡೀ ದೃಶ್ಯವನ್ನು ಏಲಕ್ಕಿ ವಾಸನೆಯ ಮೀಸೆಯಲ್ಲಿಯೇ ಮುಗಿಸಿದಳು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಗಂಡುಪಾತ್ರಗಳಲ್ಲಿ ಗರ್ಜಿಸಿದ ಆರ್. ನಾಗರತ್ನಮ್ಮನವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರೋ, ಬೈಯುತ್ತಿದ್ದರೋ!

ಈ ವರ್ಷದ ನಾಟಕಕ್ಕೆ ತಾಲೀಮು ಮುಂದಿನ ತಿಂಗಳ ಎರಡನೆಯ ಭಾನುವಾರದಿಂದ ಶುರು. ಯಾವ ನಾಟಕ ಎಂಬುದು ಅಲ್ಲಿಯೇ ತೀರ್ಮಾನವಾಗಲಿ. ಪತ್ರ ಬರೆದ ಹಿರಿಯರು ಮುಂದಿನ ಸಾಲಿನಲ್ಲಿ ಕೂರಬೇಕು. ಹಾರ್ಮೋನಿಯಂ ಇದ್ದವರು ತನ್ನಿ, ಮೀಸೆಗೆ ಒಳ್ಳೆಯ ಅಂಟು ಎಲ್ಲಿ ಸಿಗುತ್ತದೆಂದು ಗೊತ್ತಿದ್ದವರು ತಿಳಿಸಿ.